ಹೊಟ್ಟೆಯಲ್ಲಿ ಕೂಸಿದ್ದಾಗ ಹೊಲದ ಔಷಧಿ, ಸೀಸ, ಹೊಗೆ: ಯಾವುದನ್ನು ಮೊದಲು ದೂರ ಇಡಬೇಕು?

ಮೆಕ್ಕೆಜೋಳ ಮೊಣಕಾಲುದ್ದ ಬಂದಿರುತ್ತದೆ. ಸುಳಿಯಲ್ಲಿ ಲದ್ದಿ ಹುಳು (ಫಾಲ್ ಆರ್ಮಿವರ್ಮ್) ಕೂತಿರುತ್ತದೆ. 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲಿ ದೇಶಕ್ಕೇ ಮೊದಲು ಕಂಡ ಈ ಹುಳು ಬೇಗನೆ ನಮ್ಮ ದಾವಣಗೆರೆ, ಚಿತ್ರದುರ್ಗದ ಹೊಲಗಳಿಗೂ ನುಗ್ಗಿತು. ಅದಕ್ಕೆ ವಿಷದ ತಿನಿಸು ಮಾಡುತ್ತಾರೆ. 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, ಸ್ವಲ್ಪ ನೀರು ಕಲಸಿ ಒಂದು ದಿನ ಇಡುವುದು. ಮರುದಿನ 100 ಗ್ರಾಂ ಥಯೋಡಿಕಾರ್ಬ್ ಎಂಬ ಕೀಟನಾಶಕ ಬೆರೆಸಿ ಗಿಡಗಿಡದ ಸುಳಿಗೂ ಚಿಟಿಕೆ ಹಾಕುವುದು. ಈ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತದೆ. ಕೈಗೆ ಗ್ಲೌಸ್ ಇರುವುದು ಅಪರೂಪ. ಬುಟ್ಟಿ ಹಿಡಿದು ಕೈ ಸೋಲುತ್ತದೆ ಅಂತ ಕೆಲವರು ಮಡಿಲಲ್ಲೇ ತುಂಬಿಕೊಂಡು ಸಾಲು ಹಿಡಿಯುತ್ತಾರೆ. ವಿಷ ಬೆರೆಸಿದ ಒದ್ದೆ ತೌಡು ಅರ್ಧ ದಿನ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ.

ಆ ಸಾಲಿನಲ್ಲಿ ಯಾರಾದರೂ ಒಂದೂವರೆ ತಿಂಗಳ ಬಸುರಿ ಇದ್ದರೆ, ಅದು ಅವಳಿಗೇ ಇನ್ನೂ ಗೊತ್ತಿರುವುದಿಲ್ಲ. ನನಗೆ ಚಿಂತೆ ಹುಟ್ಟಿಸುವುದು ಇದೇ. ಈ ಲೇಖನವನ್ನು ಬಸುರಿ ಹೆಣ್ಣುಮಗಳೊಬ್ಬಳೇ ಓದಿದರೆ ಸಾಲದು. ಗಂಡ, ಅತ್ತೆ, ಮಾವ, ಹೊಲದ ಮಾಲೀಕರು, ಎಲ್ಲರೂ ಓದಬೇಕು. ಇಲ್ಲಿ ಹೇಳುವ ಕೆಲಸಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವಳ ಕೈಯಲ್ಲಿಲ್ಲ.

ಆ ವಾರಗಳಲ್ಲಿ ಆಗುವುದೇನು?

ಗಂಡು ಕೂಸಿನ ವೃಷಣಗಳು ಸುಮಾರು 8ನೇ ವಾರದಿಂದ ಟೆಸ್ಟೊಸ್ಟಿರಾನ್ ಎಂಬ ಹಾರ್ಮೋನ್ ತಯಾರಿಸಲು ಶುರುಮಾಡುತ್ತವೆ. 14ನೇ ವಾರದ ಹೊತ್ತಿಗೆ ಗಂಡಿನ ಅಂಗಗಳು ಹೇಗೆ ಬೆಳೆಯಬೇಕು ಅನ್ನುವುದು ಬಹುಪಾಲು ತೀರ್ಮಾನ ಆಗಿರುತ್ತದೆ. ಮಿದುಳು ಕಟ್ಟಿಕೊಳ್ಳಲು ಥೈರಾಯ್ಡ್ ಹಾರ್ಮೋನ್ ಬೇಕು. ಮೊದಲ ಮೂರು ತಿಂಗಳು ಕೂಸಿಗೆ ಅದು ಸಿಗುವುದು ತಾಯಿಯಿಂದಲೇ. ಕೂಸಿನ ಸ್ವಂತ ಗ್ರಂಥಿ ಸರಿಯಾಗಿ ಕೆಲಸಕ್ಕೆ ಬರುವುದು ಐದನೇ ತಿಂಗಳ ಹತ್ತಿರ. ಕೆಲವು ರಾಸಾಯನಿಕಗಳು ಈ ಹಾರ್ಮೋನ್‌ಗಳ ವೇಷ ಹಾಕುತ್ತವೆ, ಕೆಲವು ಅವುಗಳ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ದೊಡ್ಡವರ ಮೈಗೆ ಏನೂ ಅನ್ನಿಸದಷ್ಟು ಕಡಿಮೆ ಪ್ರಮಾಣ ಕೂಸಿಗೆ ಆ ವಾರಗಳಲ್ಲಿ ಜಾಸ್ತಿಯಾಗಬಹುದು.

ಇದು ಊಹೆಯ ಮಾತಲ್ಲ. ಅಮೆರಿಕದಲ್ಲಿ 1940ರ ದಶಕದಿಂದ ಗರ್ಭಪಾತ ಆಗದಿರಲಿ ಅಂತ ಬಸುರಿಯರಿಗೆ ಡೈಇಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಹಾರ್ಮೋನ್ ಮಾತ್ರೆ ಕೊಡುತ್ತಿದ್ದರು. ಹುಟ್ಟಿದ ಹೆಣ್ಣುಮಕ್ಕಳು ನೋಡಲು ಚೆನ್ನಾಗಿಯೇ ಇದ್ದರು. ಅವರಲ್ಲಿ ಕೆಲವರಿಗೆ ಹರೆಯದಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಬಂದದ್ದು 1971ರಲ್ಲಿ ಗೊತ್ತಾಯಿತು. ನಮ್ಮ ಪಕ್ಕದ ಕಾಸರಗೋಡಿನ ಪಡ್ರೆ ಊರಿನ ಕಥೆ ನಿಮಗೆ ಗೊತ್ತಿರಬಹುದು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ 10ರಿಂದ 19 ವರ್ಷದ ಹುಡುಗರನ್ನು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿತು. ಹುಡುಗರು ದೊಡ್ಡವರಾಗುವುದು ತಡವಾಗಿತ್ತು, ಟೆಸ್ಟೊಸ್ಟಿರಾನ್ ಕಡಿಮೆಯಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿತು.

ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಹೊಲದ ಕೂಲಿ ಕುಟುಂಬಗಳ ತಾಯಂದಿರ ಮೂತ್ರದಲ್ಲಿ ಆರ್ಗನೋಫಾಸ್ಫೇಟ್ ಕೀಟನಾಶಕದ ಅಂಶ ಅಳೆದು, ಅವರ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ಅಂಶ ತೀರಾ ಜಾಸ್ತಿ ಇದ್ದ ತಾಯಂದಿರ ಮಕ್ಕಳು 7 ವರ್ಷಕ್ಕೆ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ, ತೀರಾ ಕಡಿಮೆ ಇದ್ದವರ ಮಕ್ಕಳಿಗಿಂತ ಸರಾಸರಿ 7 ಅಂಕ ಹಿಂದಿದ್ದರು. ಗಮನ ನಿಲ್ಲಿಸಿ ಕೂರುವುದರಲ್ಲೂ ತೊಂದರೆ ಕಂಡಿತು. ಇವೆಲ್ಲ ಗುಂಪಿನ ಸರಾಸರಿಗಳು. ಒಂದು ಸಲ ಔಷಧಿ ವಾಸನೆ ಕುಡಿದ ತಾಯಿಯ ಮಗು ಹೀಗೇ ಆಗುತ್ತದೆ ಅಂತ ಯಾವ ಡಾಕ್ಟರೂ ಹೇಳಲಾರರು, ನೀವೂ ಹಾಗೆ ಅಂದುಕೊಳ್ಳಬೇಡಿ.

ಇನ್ನು ಕೆಲಸಕ್ಕೆ ಬರೋಣ. ಮೊಬೈಲ್ ತೆರೆದರೆ ಶಾಂಪೂ, ಲಿಪ್‌ಸ್ಟಿಕ್, ನೀರಿನ ಬಾಟಲಿ ಅಂತ ನೂರೆಂಟು ಹೆದರಿಕೆ ಕಾಣುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ಎರಡು ಜಿಲ್ಲೆಗಳಿಗೆ ಕ್ರಮವೇ ಬೇರೆ. ಮೊದಲು ಹೊಲ, ಆಮೇಲೆ ಹೊಗೆಸೊಪ್ಪು, ಸೀಸ, ನೀರು, ಒಲೆ. ಪ್ಲಾಸ್ಟಿಕ್ ಇವುಗಳ ನಂತರ.

ಮೊದಲ ಕೆಲಸ: ಹೊಲ

ಮದುವೆಯಾಗಿ ಮಕ್ಕಳು ಬೇಕು ಅಂತ ಕಾಯುತ್ತಿರುವವರು, ಮುಟ್ಟು ನಿಂತು ಅನುಮಾನ ಇರುವವರು, ಬಸುರಿಯರು, ಇವರು ನಾಲ್ಕು ಕೆಲಸಕ್ಕೆ ಕೈ ಹಾಕಬಾರದು. ಔಷಧಿ ಕಲಸುವುದು, ಹೊಡೆಯುವುದು, ವಿಷದ ತಿನಿಸು ಹಾಕುವುದು, ಬಣ್ಣ ಹಚ್ಚಿದ ಬೀಜ ಬರಿಗೈಯಲ್ಲಿ ಬಿತ್ತುವುದು. ಪ್ಯಾಕೆಟ್ ಮೆಕ್ಕೆಜೋಳದ ಬೀಜಕ್ಕಿರುವ ಗುಲಾಬಿ, ಕೆಂಪು ಬಣ್ಣ ಬೀಜೋಪಚಾರ ಆಗಿದೆ ಅನ್ನುವುದರ ಗುರುತು. ಔಷಧಿ ಹೊಡೆದ ಹೊಲಕ್ಕೆ ಕಳೆ ತೆಗೆಯಲು, ಮೇವು ಕೊಯ್ಯಲು ಎಷ್ಟು ದಿನ ಬಿಟ್ಟು ಹೋಗಬೇಕು ಅಂತ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ನೋಡಿ. ಬಸುರಿಯನ್ನು ಅದಕ್ಕಿಂತಲೂ ಜಾಸ್ತಿ ದಿನ ದೂರ ಇಡಿ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ ಸಮಾಧಾನ ಪಡುವವರು ತುಂಬಾ ಜನ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಆ ಬಣ್ಣ ಹೇಳುವುದು ಕುಡಿದರೆ ಅಥವಾ ಮೈಗೆ ಬಿದ್ದರೆ ಆಗುವ ತಕ್ಷಣದ ಅಪಾಯವನ್ನು ಮಾತ್ರ. ಹೊಟ್ಟೆಯೊಳಗಿನ ಕೂಸಿನ ಹಾರ್ಮೋನ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಚಿತ್ರದುರ್ಗ, ಚಳ್ಳಕೆರೆ ಕಡೆ ಈರುಳ್ಳಿಗೆ ನೇರಳೆ ಮಚ್ಚೆ ಬಂದರೆ ಹೊಡೆಯುವ ಮ್ಯಾಂಕೋಜೆಬ್ ಹಸಿರು ತ್ರಿಕೋನದ್ದು. ಅದು ಒಡೆದಾಗ ಹುಟ್ಟುವ ಇಟಿಯು ಎಂಬ ವಸ್ತು ಥೈರಾಯ್ಡ್‌ಗೆ ತೊಂದರೆ ಕೊಡುತ್ತದೆ. ಹಾರ್ಮೋನ್‌ಗೆ ಅಡ್ಡಿ ಮಾಡುತ್ತದೆ ಅನ್ನುವುದೂ ಸೇರಿದಂತೆ ಕೆಲವು ಕಾರಣ ಕೊಟ್ಟು ಯುರೋಪ್ ಒಕ್ಕೂಟ 2020ರಲ್ಲಿ ಅದರ ಅನುಮತಿಯನ್ನೇ ಮುಂದುವರಿಸಲಿಲ್ಲ. ಹಾಗಾಗಿ ಬಸುರಿ ಇರುವ ಮನೆಯಲ್ಲಿ ಹಸಿರನ್ನೂ ಕೆಂಪಿನಂತೆಯೇ ನೋಡಿ.

ಈಗ ಗಂಡಸರಿಗೆ ಒಂದು ಮಾತು. ಬೆನ್ನಿಗೆ ಪಂಪು ಕಟ್ಟಿ ಔಷಧಿ ಹೊಡೆದು ಬಂದ ಅಂಗಿಯನ್ನು ಒಮ್ಮೆ ಗಮನಿಸಿ. ಬೆನ್ನಿನ ಕಡೆ ಟ್ಯಾಂಕ್ ಸೋರಿ ಒಣಗಿ ಬಟ್ಟೆ ಗಡುಸಾಗಿರುತ್ತದೆ. ತೋಳು, ಪ್ಯಾಂಟಿನ ಮುಂಭಾಗ ಕಟುವಾಗಿ ನಾರುತ್ತಿರುತ್ತದೆ. ಅದನ್ನು ಬಚ್ಚಲಲ್ಲಿ ಬಿಟ್ಟು ಹೋಗುತ್ತೀರಿ. ಮನೆಯಾಕೆ ಕಲ್ಲಿನ ಮೇಲೆ ಹಾಕಿ, ಬರಿಗೈಯಲ್ಲಿ ಸೋಪು ಹಚ್ಚಿ, ಹೊಟ್ಟೆ ಅಮುಕಿ ಬಗ್ಗಿ ಉಜ್ಜುತ್ತಾಳೆ. ಹೊಲಕ್ಕೆ ಹೋಗದ ಹೆಂಡತಿಗೂ ಔಷಧಿ ತಲುಪುವ ದಾರಿ ಇದೇ. ಆ ಬಟ್ಟೆ ನೀವೇ ಒಗೆಯಿರಿ. ಮನೆಯ ಬೇರೆ ಬಟ್ಟೆಯ ಜೊತೆ ನೆನೆಸಬೇಡಿ. ಮೊದಲು ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು ಮತ್ತು ಸೋಪಿನಲ್ಲಿ ಎರಡು ಸಲ ಒಗೆದು, ಬಿಸಿಲಲ್ಲಿ ಬೇರೆ ಹಗ್ಗದ ಮೇಲೆ ಹಾಕಿ. ಬಕೆಟ್ಟನ್ನೂ ತೊಳೆಯಿರಿ. ಸ್ನಾನ ಆಗುವವರೆಗೆ ಮಕ್ಕಳನ್ನು ಎತ್ತಿಕೊಳ್ಳಬೇಡಿ, ಮಂಚದ ಮೇಲೆ ಕೂರಬೇಡಿ.

ಔಷಧಿ ಡಬ್ಬಿ ಅಟ್ಟದ ಮೇಲೆ, ಮಂಚದ ಕೆಳಗೆ, ಅಕ್ಕಿ ಚೀಲದ ಪಕ್ಕ ಇದ್ದರೆ ಇವತ್ತೇ ಹೊರಗಿನ ಶೆಡ್ಡಿಗೆ ಸಾಗಿಸಿ ಬೀಗ ಹಾಕಿ. ಖಾಲಿ ಡಬ್ಬಿಯಲ್ಲಿ ಎಣ್ಣೆ, ನೀರು, ಕಾಳು ತುಂಬಬೇಡಿ. ಎಷ್ಟು ತೊಳೆದರೂ ಅದು ಅಡುಗೆಮನೆಗೆ ಆಗುವುದಿಲ್ಲ. ಪಕ್ಕದ ಹೊಲದವರು ಹೊಡೆಯುವಾಗ ಗಾಳಿ ನಿಮ್ಮ ಮನೆಯತ್ತ ಇದ್ದರೆ ಕಿಟಕಿ ಹಾಕಿ, ಒಣಹಾಕಿದ ಬಟ್ಟೆ ಒಳಗೆ ತನ್ನಿ. ಮೊದಲೇ ಹೇಳಿ ಹೊಡೆಯಿರಿ ಅಂತ ಅವರನ್ನು ಕೇಳುವುದರಲ್ಲಿ ತಪ್ಪೇನಿಲ್ಲ, ಅಲ್ವಾ?

ಗೆದ್ದಲು ಔಷಧಿಯದು ಇನ್ನೊಂದು ಕಥೆ. ಹೊಸ ಮನೆಯ ಪಾಯಕ್ಕೆ, ಬಾಗಿಲ ಚೌಕಟ್ಟಿಗೆ ಹೊಡೆಯುವ ಔಷಧಿಗಳಲ್ಲಿ ಕ್ಲೋರೋಪೈರಿಫಾಸ್ ಸಾಮಾನ್ಯ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದವರು ನೋಡಿದ ತಾಯಂದಿರಿಗೆ ಹೊಲವೇ ಇರಲಿಲ್ಲ. ಜಿರಲೆಗೆ ಅಂತ ಮನೆಯಲ್ಲಿ ಹೊಡೆದ ಇದೇ ಔಷಧಿ ಅವರಿಗೆ ತಾಗಿತ್ತು. ಜಾಸ್ತಿ ತಾಗಿದವರ ಮಕ್ಕಳಲ್ಲಿ 3 ವರ್ಷಕ್ಕೆ ಗಮನದ ತೊಂದರೆ, 7 ವರ್ಷಕ್ಕೆ ನೆನಪಿನ ಶಕ್ತಿಯಲ್ಲಿ ಕೊರತೆ ಕಂಡಿತು. 2025ರಲ್ಲಿ ಕ್ಲೋರೋಪೈರಿಫಾಸ್ ಕೆಲವು ವಿನಾಯಿತಿಗಳೊಂದಿಗೆ, ಬೇಗ ಕರಗದ ವಿಷಗಳ ಮೇಲಿನ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿದೆ. ಬಸುರಿ, ಬಾಣಂತಿ ಇರುವ ಮನೆಗೆ ಗೆದ್ದಲು, ತಿಗಣೆ, ಜಿರಲೆ ಔಷಧಿ ಬೇಡವೇ ಬೇಡ. ಹೊಡೆಸಲೇಬೇಕಾದರೆ ಆಕೆ ಕೆಲವು ವಾರ ಬೇರೆ ಮನೆಯಲ್ಲಿರಲಿ.

ಕೂಲಿಗೆ ಹೋಗುವವರಿಗೆ ಇದೆಲ್ಲ ಹೇಳುವುದು ಸುಲಭ, ಮಾಡುವುದು ಕಷ್ಟ. ಕೆಲಸ ಬಿಟ್ಟರೆ ದಿನಗೂಲಿ ಹೋಗುತ್ತದೆ. ಅದಕ್ಕೇ ಹೊಲದ ಮಾಲೀಕರಿಗೆ, ಗುಂಪು ಕರೆದೊಯ್ಯುವ ಮೇಸ್ತ್ರಿಗೆ ಕೈಮುಗಿದು ಕೇಳುತ್ತೇನೆ. ಬಸುರಿಯನ್ನು ಕಣದ ಕೆಲಸಕ್ಕೆ, ತೆನೆ ಸುಲಿಯುವುದಕ್ಕೆ ಹಾಕಿ, ಕೂಲಿ ಕಡಿಮೆ ಮಾಡಬೇಡಿ. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ 5,000 ರೂಪಾಯಿ ಸಿಗುತ್ತದೆ. ಈ ಕೂಲಿ ನಷ್ಟ ತುಂಬಲೆಂದೇ ಇರುವ ಹಣ ಅದು. ಅಂಗನವಾಡಿ ಟೀಚರ್ ಹತ್ತಿರ ಬೇಗ ಹೆಸರು ಬರೆಸಿ.

ಹೊಗೆಸೊಪ್ಪು, ಕಡ್ಡಿಪುಡಿ

ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಹಲ್ಲುಜ್ಜಲು ನಶ್ಯ, ಕಡ್ಡಿಪುಡಿ, ಇವುಗಳಲ್ಲಿರುವ ನಿಕೋಟಿನ್ ನೇರವಾಗಿ ಕೂಸಿಗೆ ಹೋಗುತ್ತದೆ. ತೂಕ ಕಡಿಮೆ, ಅವಧಿಗೆ ಮುಂಚೆ ಹೆರಿಗೆ, ಮುಂದೆ ಮಗುವಿನಲ್ಲಿ ಚಡಪಡಿಕೆ ಮತ್ತು ಗಮನದ ಕೊರತೆ, ಇವೆಲ್ಲ ಇದರ ಜೊತೆ ಕಂಡುಬಂದಿವೆ. ಮನೆಯೊಳಗೆ ಬೀಡಿ, ಸಿಗರೇಟು ಸೇದುವವರು ಹೊರಗೆ ಹೋಗಲಿ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಅಂತ ಬಸುರಿಯಲ್ಲಿ ಇಲ್ಲವೇ ಇಲ್ಲ.

ಸೀಸ: ಅರಿಶಿನದ ಡಬ್ಬಿಯಿಂದ ಗೋಡೆಯ ಬಣ್ಣದವರೆಗೆ

ಸೀಸ ತಾಯಿಯ ಮೂಳೆಯಲ್ಲಿ ವರ್ಷಾನುಗಟ್ಟಲೆ ಕೂತಿರುತ್ತದೆ. ಬಸುರಿಯಲ್ಲಿ ಕೂಸಿಗೆ ಕ್ಯಾಲ್ಸಿಯಂ ಬೇಕಾಗಿ ಮೂಳೆ ಕರಗುವಾಗ ಅದೂ ರಕ್ತಕ್ಕೆ ಬಂದು ಕೂಸಿನ ಮಿದುಳಿಗೆ ಹೋಗುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಎಷ್ಟೋ ಮನೆಗಳಲ್ಲಿ ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ನಾಲ್ಕನೇ ತಿಂಗಳಿಂದ ದಿನಕ್ಕೆರಡು ಮಾತ್ರೆ ನುಂಗಿದರೆ ಮೂಳೆ ಕರಗುವುದು ಕಡಿಮೆಯಾಗುತ್ತದೆ, ಸೀಸವೂ ಕಡಿಮೆ ಹೊರಬರುತ್ತದೆ. ಕಬ್ಬಿಣದ ಮಾತ್ರೆಯ ಜೊತೆಯಲ್ಲೇ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬಸುರಿಯರ ರಕ್ತದಲ್ಲಿ ಸೀಸ ಯಾಕೆ ಇಷ್ಟಿದೆ ಅಂತ ಹುಡುಕುತ್ತಾ ಹೋದವರು ಕೊನೆಗೆ ತಲುಪಿದ್ದು ಅರಿಶಿನದ ಪುಡಿಗೆ. ಬಣ್ಣ ಹೊಳೆಯಲಿ ಅಂತ ಸೀಸದ ಕ್ರೋಮೇಟ್ ಬೆರೆಸುತ್ತಿದ್ದರು. 2019ರಲ್ಲಿ ಮಾರುಕಟ್ಟೆಯ 47% ಮಾದರಿಗಳಲ್ಲಿ ಸೀಸ ಇತ್ತು. ಸರ್ಕಾರ ದಾಳಿ ಮಾಡಿ ದಂಡ ಹಾಕಿದ ಮೇಲೆ 2021ಕ್ಕೆ ಸೊನ್ನೆಗೆ ಬಂತು. ನಮ್ಮಲ್ಲಿ ಬಸುರಿ ಮನೆಗೆ ಸುಲಭದ ದಾರಿ ಅಂದರೆ ಅರಿಶಿನದ ಕೊಂಬು ತಂದು ಗಿರಣಿಯಲ್ಲಿ ಪುಡಿ ಮಾಡಿಸುವುದು. ಕಣ್ಣು ಕುಕ್ಕುವ ಹಳದಿ ಕೊಂಬು ಬಿಟ್ಟು ಮಂಕು ಬಣ್ಣದ್ದು ಆರಿಸಿ. ಹೆಸರಿಲ್ಲದ ಕುಂಕುಮ, ಸಿಂಧೂರ, ಕಣ್ಣಿನ ಸುರ್ಮಾ ಬೇಡ. ಮೈ ಬೆಳ್ಳಗಾಗುತ್ತದೆ ಅಂತ ಮಾರುವ, ಒಳಗೇನಿದೆ ಅಂತ ಬರೆಯದ ಕ್ರೀಮುಗಳಲ್ಲಿ ಪಾದರಸ ಇರಬಹುದು. ಅದೂ ಬೇಡ.

ಕುಬಸ ಹತ್ತಿರ ಬಂತು, ತವರಿನವರು ಬಾಣಂತಿ ಕೋಣೆಗೆ ಬಣ್ಣ ಹೊಡೆಸುತ್ತಾರೆ. ಆಸೆಯಿಂದ ಮಾಡುವ ಕೆಲಸ. 2017ರ ನವೆಂಬರ್‌ನಿಂದ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅಂತ ನಿಯಮ ಇದೆ. ಆದರೆ ಹಳೆಯ ಬಾಗಿಲು, ಕಿಟಕಿ ಸರಳಿನ ಹಳೇ ಬಣ್ಣ ಕೆರೆದಾಗ ಏಳುವ ದೂಳಿನಲ್ಲಿ ಹಿಂದಿನ ಸೀಸವೆಲ್ಲ ಇರುತ್ತದೆ. ಬಸುರಿ ಮನೆಗೆ ಬರುವ ಮೊದಲೇ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ಮುಗಿಸಿ. ಹಳೇ ಬ್ಯಾಟರಿ ಒಡೆಯುವ ಕೆಲಸ ಮನೆ ಅಂಗಳದಲ್ಲಿ ಖಂಡಿತ ಬೇಡ.

ಮಣ್ಣು, ಸೀಮೆಸುಣ್ಣ, ಬೂದಿ ತಿನ್ನುವ ಬಯಕೆಯನ್ನು ಹೇಳಿಕೊಳ್ಳಲು ನಮ್ಮ ಹೆಣ್ಣುಮಕ್ಕಳು ನಾಚುತ್ತಾರೆ. ನಾಚಿಕೆ ಬೇಡ ತಾಯಿ, ಆಶಾ ಅಕ್ಕನಿಗೆ ಹೇಳಿ. ಎಷ್ಟೋ ಸಲ ಅದು ರಕ್ತ ಕಡಿಮೆ ಇರುವುದರ ಸೂಚನೆ. ಮಣ್ಣಿನ ಜೊತೆ ಸೀಸವೂ ಹೊಟ್ಟೆಗೆ ಹೋಗಬಹುದು. ಹಿಮೋಗ್ಲೋಬಿನ್ ಸರಿಹೋದರೆ ಬಯಕೆಯೂ ಸಾಮಾನ್ಯವಾಗಿ ಇಳಿಯುತ್ತದೆ.

ನೀರು

ಚಿತ್ರದುರ್ಗ ಜಿಲ್ಲೆಯ ಮತ್ತು ದಾವಣಗೆರೆಯ ಜಗಳೂರು ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಹಲ್ಲು ಕಂದು, ಮೂಳೆ ನೋವು, ಇಷ್ಟೇ ಅಂತ ನಾವು ತಿಳಿದಿದ್ದೆವು. 1 ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ಮೀರಿದ ಕಡೆ ಮಕ್ಕಳ ಬುದ್ಧಿಮತ್ತೆ ಅಂಕಗಳು ಕಡಿಮೆ ಇರುವುದಕ್ಕೆ ಸಂಬಂಧ ಇದೆ ಅಂತ ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2024ರಲ್ಲಿ ಹೇಳಿತು. ಭಾರತದ ಮಾನದಂಡದಲ್ಲಿ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ಕೊನೆಯ ಗಡಿ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಲಸ ಮಾಡುತ್ತಿದ್ದರೆ ಅಲ್ಲಿಂದ ತನ್ನಿ. ಕುಡಿಯಲು ಮಾತ್ರ ಆ ನೀರು, ಸಾರು, ಅನ್ನ, ಗಂಜಿ, ಚಹಾಕ್ಕೆ ಬೋರ್ ನೀರು ಅಂತ ಮಾಡಿದರೆ ಅರ್ಧ ಪ್ರಯೋಜನ ಹೋಯಿತು. ಜಲ ಜೀವನ್ ಮಿಷನ್ ಅಡಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ನಮ್ಮ ಬೋರ್ ನೀರಿನ ಫ್ಲೋರೈಡ್ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಒಲೆ ಮತ್ತು ಹೊಗೆ

ಅಡುಗೆಗೆ ಗ್ಯಾಸ್ ಬಂದಿದೆ, ಸಂತೋಷ. ಬಚ್ಚಲ ಹಂಡೆ ಒಲೆ ಮಾತ್ರ ಹಾಗೇ ಇದೆ. ಬೇಗ ಹತ್ತಲಿ ಅಂತ ಪ್ಲಾಸ್ಟಿಕ್ ಕವರ್, ಹರಿದ ಚಪ್ಪಲಿ, ಟೈರ್ ತುಂಡು ತುರುಕುತ್ತಾರೆ. ಆ ಕರಿ ಹೊಗೆಯಲ್ಲಿ ಡಯಾಕ್ಸಿನ್‌ನಂಥ, ಹಾರ್ಮೋನ್‌ಗೆ ಅಡ್ಡಿಯಾಗುವ ವಸ್ತುಗಳಿರುತ್ತವೆ. ತೆಂಗಿನ ಗರಿ, ಮೆಕ್ಕೆಜೋಳದ ಬೆಂಡು ಸಾಕು, ಮತ್ತು ಒಲೆ ಹಚ್ಚುವವರು ಬಸುರಿ ಆಗಿರಬಾರದು. ಸೊಳ್ಳೆ ಬತ್ತಿಯೂ ಕಡಿಮೆಯಲ್ಲ. ಒಂದು ಸುರುಳಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಸೊಳ್ಳೆ ಪರದೆ ಕಟ್ಟಿ.

ಪ್ಲಾಸ್ಟಿಕ್ ಮತ್ತು ಪರಿಮಳ

ಪ್ಲಾಸ್ಟಿಕ್ ಮೆದುಗೊಳಿಸುವ, ಸೆಂಟಿನ ಪರಿಮಳ ನಿಲ್ಲಿಸುವ ಥಾಲೇಟ್‌ಗಳು ಗಂಡು ಕೂಸಿನ ಹಾರ್ಮೋನ್‌ಗೆ ಅಡ್ಡ ಬರುತ್ತವೆ ಅಂತ ಅಮೆರಿಕದಲ್ಲಿ ಶಾನಾ ಸ್ವಾನ್ ಅವರ ತಂಡ 2005ರಲ್ಲಿ ತೋರಿಸಿತು. ಕೆಲವು ಗಟ್ಟಿ ಪ್ಲಾಸ್ಟಿಕ್‌ನಲ್ಲಿ, ನುಣುಪು ರಸೀದಿ ಕಾಗದದಲ್ಲಿ ಇರುವ ಬಿಪಿಎ ಎಂಬ ಇನ್ನೊಂದು ವಸ್ತು ಜಾಸ್ತಿ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 2 ವರ್ಷಕ್ಕೆ ಚಡಪಡಿಕೆ, ಸಿಟ್ಟು ಜಾಸ್ತಿ ಅಂತ 2009ರಲ್ಲಿ ಸಿನ್ಸಿನಾಟಿಯ ಅಧ್ಯಯನ ಹೇಳಿತು. ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಇವೆರಡೂ ಸೀಸದ ಹಾಗೆ ಮೈಯಲ್ಲಿ ಕೂರುವುದಿಲ್ಲ. ಒಂದೆರಡು ದಿನದಲ್ಲಿ ಮೂತ್ರದ ಜೊತೆ ಹೋಗುತ್ತವೆ. ಯಾವ ತಿಂಗಳಲ್ಲಿ ಶುರುಮಾಡಿದರೂ ಲಾಭ ಇದೆ.

ಬೆಣ್ಣೆ ದೋಸೆ ಪಾರ್ಸಲ್ ತರುವಾಗ ಸ್ಟೀಲ್ ಡಬ್ಬಿ ಕೊಂಡೊಯ್ಯಿರಿ. ಬಿಸಿ ಪಲ್ಯ, ಚಹಾ ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಎಟಿಎಂ ಚೀಟಿ, ಬಸ್ ಟಿಕೆಟ್‌ನ ನುಣುಪು ಕಾಗದವನ್ನು ಬಾಯಲ್ಲಿ ಕಚ್ಚಬೇಡಿ. ಸೆಂಟು, ನೇಲ್ ಪಾಲಿಷ್ ಒಂಬತ್ತು ತಿಂಗಳು ಬಿಡಿ. ಇಷ್ಟಕ್ಕೆ ನಿಲ್ಲಿಸಿ. ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲಿನ ಔಷಧಿ ಬಹಳಷ್ಟು ಹೋಗುತ್ತದೆ. ಔಷಧಿಗೆ ಹೆದರಿ ಸೊಪ್ಪು, ಹಣ್ಣು ತಿನ್ನುವುದನ್ನೇ ಬಿಟ್ಟರೆ ನಷ್ಟ ಜಾಸ್ತಿ.

ಮಾತ್ರೆಗಳು

ಫಿಟ್ಸ್‌ಗೆ ಕೊಡುವ ಸೋಡಿಯಂ ವಾಲ್ಪ್ರೋಯೇಟ್ ಬಸುರಿಯಲ್ಲಿ ತೆಗೆದುಕೊಂಡರೆ 100 ಮಕ್ಕಳಲ್ಲಿ 30ರಿಂದ 40 ಮಕ್ಕಳ ಬೆಳವಣಿಗೆಯಲ್ಲಿ ತೊಂದರೆ ಕಾಣಬಹುದು. ಆದರೆ ನೀವಾಗಿಯೇ ನಿಲ್ಲಿಸಿ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಮಗು ಬೇಕು ಅಂತ ಯೋಚಿಸುವ ಮೊದಲೇ ನರರೋಗ ತಜ್ಞರನ್ನು ಕಂಡು ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಿ.

ಪ್ಯಾರಸಿಟಮಾಲ್ ನುಂಗಿದರೆ ಮಗುವಿಗೆ ಆಟಿಸಂ ಬರುತ್ತದೆ ಅನ್ನುವ ಮಾತು ವಾಟ್ಸಾಪಿನಲ್ಲಿ ತುಂಬಾ ಓಡಾಡುತ್ತಿದೆ. ಸ್ವೀಡನ್ನಿನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿತು, ಸಂಬಂಧ ಕಾಣಲಿಲ್ಲ. ಜ್ವರವನ್ನು ಹಾಗೇ ಬಿಡುವುದು ಕೂಸಿಗೆ ಒಳ್ಳೆಯದಲ್ಲ. ಡಾಕ್ಟರ್ ಹೇಳಿದಷ್ಟು ತೆಗೆದುಕೊಳ್ಳಿ.

ಮೊದಲ ಭೇಟಿಯಲ್ಲೇ ಥೈರಾಯ್ಡ್ ಪರೀಕ್ಷೆ ಕೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ಅಯೋಡಿನ್ ಉಪ್ಪನ್ನು ಮುಚ್ಚಳ ಇರುವ ಡಬ್ಬಿಯಲ್ಲಿಡಿ.

ಹಿರಿಯರಿಗೆ, ಮತ್ತು ಹುಟ್ಟಿದ ಮೇಲೆ

"ನಮ್ಮ ಕಾಲದಾಗ ನಾವೂ ಹೊಲ ಮಾಡಿದ್ವಿ, ನಮ್ಮ ಮಕ್ಕಳಿಗೆ ಏನಾತು?" ಅಂತ ಅತ್ತೆ ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಅವರು ಹೊಲ ಮಾಡಿದಾಗ ಕಳೆ ಕೈಯಲ್ಲೇ ಕೀಳುತ್ತಿದ್ದರು, ಇಷ್ಟು ಸಲ ಔಷಧಿ ಹೊಡೆಯುತ್ತಿರಲಿಲ್ಲ. ಇದನ್ನು ಜಗಳ ಮಾಡದೆ ಹೇಳಿ, ಅವರೇ ನಿಮ್ಮ ಪರ ನಿಲ್ಲುತ್ತಾರೆ.

ಮಗುವಿಗೆ ಏನಾದರೂ ತೊಂದರೆ ಕಂಡರೆ ತಾಯಿಯ ಕಡೆ ಬೆರಳು ತೋರಿಸಬೇಡಿ. ಹೊಲದ ತೀರ್ಮಾನ ಅವಳು ಮಾಡಿದ್ದಲ್ಲ. ಎದೆಹಾಲು ತಪ್ಪದೆ ಕೊಡಿಸಿ, ಔಷಧಿಯ ಭಯಕ್ಕೆ ಅದನ್ನು ನಿಲ್ಲಿಸುವುದು ಬೇಡ. ಹುಟ್ಟಿದ ತಕ್ಷಣ ಥೈರಾಯ್ಡ್ ಪರೀಕ್ಷೆ ಮಾಡಿದ್ದಾರಾ ಕೇಳಿ. ಗಂಡು ಮಗುವಿನ ವೃಷಣ ಎರಡೂ ಚೀಲಕ್ಕೆ ಇಳಿದಿವೆಯಾ, ಮೂತ್ರದ ರಂಧ್ರ ತುದಿಯಲ್ಲೇ ಇದೆಯಾ ನೋಡಿಸಿ. 6 ತಿಂಗಳಾದರೂ ವೃಷಣ ಇಳಿಯದಿದ್ದರೆ ಮಕ್ಕಳ ಶಸ್ತ್ರಚಿಕಿತ್ಸಕರ ಹತ್ತಿರ ಹೋಗಿ, ಬೆಳೆಯುತ್ತಾ ಸರಿಹೋಗುತ್ತದೆ ಅಂತ ಕಾಯಬೇಡಿ.

ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ, 2 ವರ್ಷಕ್ಕೆ ಎರಡು ಪದ ಸೇರಿಸಿ ಮಾತಾಡದಿದ್ದರೆ, ಹೆಣ್ಣು ಮಗುವಿಗೆ 8 ವರ್ಷದೊಳಗೆ ಎದೆ ಬೆಳೆಯಲು ಶುರುವಾದರೆ, ಗಂಡು ಮಗುವಿಗೆ 9ರೊಳಗೆ ಹರೆಯದ ಲಕ್ಷಣ ಬಂದರೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಅವರು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. 104ಕ್ಕೆ ಫೋನ್ ಮಾಡಿಯೂ ಕೇಳಬಹುದು. ಔಷಧಿ ಮೈಗೆ ಬಿದ್ದು ತಲೆಸುತ್ತು, ವಾಂತಿ, ಜೊಲ್ಲು ಸುರಿಯುವುದು ಕಂಡರೆ ಬಟ್ಟೆ ಬಿಚ್ಚಿಸಿ ಸೋಪಿನಲ್ಲಿ ತೊಳೆಸಿ 108ಕ್ಕೆ ಕರೆ ಮಾಡಿ, ಔಷಧಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಮಗುವನ್ನು ತೋರಿಸಲು ಹೋಗುವಾಗ ತಾಯಿ ಕಾರ್ಡ್ ಜೊತೆ ಒಂದು ಹಾಳೆ ಇರಲಿ. ಬಸುರಿಯಲ್ಲಿ ನುಂಗಿದ ಮಾತ್ರೆಗಳು, ಆ ವರ್ಷ ಹೊಲಕ್ಕೆ ಹೊಡೆದ ಔಷಧಿಗಳ ಹೆಸರು ಮತ್ತು ತಿಂಗಳು, ಬೋರ್ ನೀರಿನ ಫ್ಲೋರೈಡ್ ಲೆಕ್ಕ, ಇಷ್ಟನ್ನು ಅದರಲ್ಲಿ ಬರೆದಿಡಿ.